ಪಟ್ಟಿಯಿಲ್ಲದ ದೇಶದಲ್ಲಿ ಪುಟ ತಿರುವುವ ನೆಡ್ರಾ

ಬೆಳಗಿನ ಐದೂಮುಕ್ಕಾಲು. ವೆಸ್ಟ್ ವರ್ಜೀನಿಯಾದ ಬೆಟ್ಟಗಳ ಹಿಂದೆ ಈಗಷ್ಟೇ ಬೆಳಕು ಹರಿಯುತ್ತಿದೆ. ಕಚೇರಿಯ ಉದ್ದನೆಯ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಅದರ ಅಂಟುಪಟ್ಟಿಯನ್ನು ಮೊಂಡು ಚಾಕುವಿನಿಂದ ಎಬ್ಬಿಸುತ್ತಿದ್ದಾರೆ ನೆಡ್ರಾ ಕೆಸೆಕರ್. ಬಲಗೈ ಹೆಬ್ಬೆರಳಿಗೆ ರಬ್ಬರಿನ ಟೊಪ್ಪಿ, ಮೂಗಿನ ಮೇಲೆ ಒಂದು ಕನ್ನಡಕ, ತಲೆಯ ಮೇಲೆ ಇನ್ನೊಂದು. ಮುಚ್ಚಳ ತೆರೆದೊಡನೆ ಬಗ್ಗಿ ಮೂಸುತ್ತಾರೆ.

"ಹಾಂ, ಇದು ಕೆಂಟಕಿ ಕಡೇದು. ತಂಬಾಕು ಒಣಗಿಸೋ ಅಟ್ಟದಲ್ಲಿ ಇಟ್ಟಿದ್ರು ಅನ್ಸುತ್ತೆ. ಫ್ಲೋರಿಡಾದ್ದಾದ್ರೆ ಬರೀ ಬೂಷ್ಟು. ಟೆಕ್ಸಾಸಿನ ಪೆಟ್ಟಿಗೆ ತೆಗೆದ್ರೆ ಮರಳು ಉದುರುತ್ತೆ. ಒಂದ್ಸಲ ಚೇಳೂ ಬಂದಿತ್ತು. ಪುಣ್ಯಕ್ಕೆ ಸತ್ತಿತ್ತು," ಎನ್ನುತ್ತಾ ಮೊದಲ ಪುಸ್ತಕವನ್ನು ಹೊರತೆಗೆಯುತ್ತಾರೆ. ಮುಚ್ಚಿಹೋದ ಯಾವುದೋ ಬಂದೂಕಿನಂಗಡಿಯ ಮಾರಾಟದ ಪುಸ್ತಕ. ಮುದುರಿದ ಹಾಳೆಗಳನ್ನು ಮಗುವಿನ ತಲೆಗೂದಲು ಬಾಚುವಷ್ಟು ನಿಧಾನವಾಗಿ ನೇವರಿಸಿ, ತುಕ್ಕು ಹಿಡಿದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಾರೆ. ಡಬ್ಬಿ ತಿಂಗಳಿಗೊಮ್ಮೆ ತುಂಬುತ್ತದೆ.

ನೆಡ್ರಾ ಅವರ ಕೆಲಸ ಅರ್ಥವಾಗಬೇಕಾದರೆ ಈ ದೇಶದ ಒಂದು ಹಠ ಅರ್ಥವಾಗಬೇಕು. ಯಾರ ಮನೆಯಲ್ಲಿ ಯಾವ ಬಂದೂಕಿದೆ ಎಂದು ಕೇಂದ್ರ ಸರ್ಕಾರ ಪಟ್ಟಿ ಇಟ್ಟುಕೊಳ್ಳುವಂತಿಲ್ಲ. ಮಾರಿದ ಅಂಗಡಿಯವನೇ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು, ಕೊಂಡವನು ಒಂದು ಅರ್ಜಿ ತುಂಬಿ ಸಹಿ ಹಾಕಬೇಕು, ಅಷ್ಟೆ. ಅಂಗಡಿ ಮುಚ್ಚಿದ ದಿನ ಆ ಪುಸ್ತಕಗಳೂ ಅರ್ಜಿಗಳೂ ಪೆಟ್ಟಿಗೆಯೊಳಗೆ ಬಿದ್ದು ಕೇಂದ್ರ ಸರ್ಕಾರದ ಬಂದೂಕು ಪತ್ತೆಯ ಈ ಕಚೇರಿಗೆ ಬರುತ್ತವೆ. ಅವುಗಳ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಡಬಹುದು. ಆದರೆ ಹೆಸರು ಒತ್ತಿದರೆ ಮನುಷ್ಯ ಸಿಗುವ ಹಾಗೆ ಮಾಡುವಂತಿಲ್ಲ. ಹಾಗೆ ಮಾಡಿದರೆ ಅದೇ ಪಟ್ಟಿಯಾಗಿಬಿಡುತ್ತದಲ್ಲ! ಹೀಗಾಗಿ ದೇಶದ ಯಾವ ಮೂಲೆಯಲ್ಲಿ ಗುಂಡು ಹಾರಿ, ಪೊಲೀಸರ ಕೈಗೆ ಬರೀ ಒಂದು ಪಿಸ್ತೂಲು ಸಿಕ್ಕರೂ, ಅದರ ಮೇಲಿನ ನಂಬರು ಹಿಡಿದು ಯಾರಾದರೊಬ್ಬರು ಕೂತು ಪುಟ ತಿರುವಬೇಕು. ಚಂದ್ರನ ಮೇಲೆ ಕಾಲಿಟ್ಟು ಬಂದ ದೇಶ ಈ ವಿಷಯದಲ್ಲಿ ಹೆಬ್ಬೆರಳಿಗೆ ರಬ್ಬರ್ ಹಾಕಿಕೊಂಡ ಹೆಂಗಸರನ್ನು ನೆಚ್ಚಿಕೊಂಡಿದೆ. ನಗಬೇಕೋ ಅಳಬೇಕೋ ಎಂದು ನೆಡ್ರಾ ಅವರನ್ನು ಕೇಳಿದರೆ, "ಮೊದಲು ಓದ್ಬೇಕು, ಆಮೇಲೆ ಅಳೋಣ," ಎನ್ನುತ್ತಾರೆ.

ವಯಸ್ಸು ಅರವತ್ತೊಂದು. ಈ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ. ದಿನಕ್ಕೆ ಹನ್ನೆರಡೋ ಹದಿಮೂರೋ ನಂಬರುಗಳು ಇವರ ಪಾಲಿಗೆ ಬರುತ್ತವೆ. ಅದೃಷ್ಟವಿದ್ದರೆ ಒಂದು ನಂಬರು ಇನ್ನೂರು ಪುಟಕ್ಕೆ ಸಿಗುತ್ತದೆ, ಇಲ್ಲದಿದ್ದರೆ ಎರಡು ಸಾವಿರವಾದರೂ ಇಲ್ಲ. ಸಂಜೆಯ ಹೊತ್ತಿಗೆ ಮೂರು ಸಾವಿರ ಪುಟ ಕಣ್ಣಮುಂದೆ ಹಾದುಹೋಗಿರುತ್ತದೆ. "ಕಣ್ಣಿನ ಡಾಕ್ಟರು ಏನು ಕೆಲಸ ನಿಮ್ದು ಅಂತ ಕೇಳಿದ್ರು. ಓದೋದು ಅಂದೆ. ಸ್ವಲ್ಪ ಕಮ್ಮಿ ಓದಿ ಅಂದ್ರು. ಕೊಲೆಗಾರರಿಗೆ ನೀವೇ ಒಂದು ಮಾತು ಹೇಳಿ ಡಾಕ್ಟ್ರೇ ಅಂದೆ," ಎಂದು ನಗುತ್ತಾರೆ. ನಗು ಕೆಮ್ಮಿಗೆ ತಿರುಗುತ್ತದೆ. ಹಳೆಯ ಕಾಗದದ ದೂಳು ಎದೆಯಲ್ಲಿ ಮನೆ ಮಾಡಿದೆ. ಸೊಂಟಕ್ಕೆ ಬಿಗಿಪಟ್ಟಿ ಕಟ್ಟಿಕೊಳ್ಳದೆ ಮಧ್ಯಾಹ್ನ ದಾಟುವುದಿಲ್ಲ.

ಹುಟ್ಟಿದ್ದು ಇಲ್ಲಿಂದ ಒಂಬತ್ತು ಮೈಲಿಯಾಚೆ. ಅಪ್ಪ ದನದ ಮೇವು ಮಾರುವ ಅಂಗಡಿಯಲ್ಲಿ ಗುಮಾಸ್ತ. ಮೇವಿನ ಜೊತೆಗೆ ಮೊಳೆ, ಬೂಟು, ಬಂದೂಕು, ಬೇಟೆಯ ಪರವಾನಗಿ ಎಲ್ಲವೂ ಅಲ್ಲೇ. ಹತ್ತನೆಯ ವಯಸ್ಸಿಗೆ ನೆಡ್ರಾ ಗಲ್ಲಾದ ಹಿಂದೆ ಸ್ಟೂಲು ಹತ್ತಿ ನಿಂತವರು. ಹನ್ನೊಂದಕ್ಕೆ ಸ್ವಂತ ಬಂದೂಕು, ಹದಿಮೂರಕ್ಕೆ ಮೊದಲ ಜಿಂಕೆ. ಗಂಡ ವೆಂಡೆಲ್ ದುಡಿಯುತ್ತಿದ್ದ ಉಣ್ಣೆ ಕಾರ್ಖಾನೆಗೆ ಬೀಗ ಬಿದ್ದಾಗ ಮನೆಯಲ್ಲಿ ಎರಡು ಮಕ್ಕಳು, ತಣ್ಣಗಾದ ಒಲೆ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಗುತ್ತಿಗೆ ಕೆಲಸಕ್ಕೆ ಬಂದು ಸೇರಿದರು. ಆರು ತಿಂಗಳು ನೋಡೋಣವೆಂದು ಬಂದವರು ಇಲ್ಲೇ ಉಳಿದರು.

ತಮಾಷೆ ಇರುವುದು ಇನ್ನು ಮುಂದೆ. ಕೆಸೆಕರ್ ಮನೆಯ ಕಪಾಟಿನಲ್ಲಿ ಒಂಬತ್ತು ಬಂದೂಕುಗಳಿವೆ. ಸರ್ಕಾರ ಅವುಗಳ ಪಟ್ಟಿ ಮಾಡಬೇಕೇ ಎಂದು ಕೇಳಿ ನೋಡಿ. "ಬೇಡ," ಎಂದು ಒಂದೇ ಏಟಿಗೆ ಹೇಳುತ್ತಾರೆ. ಪಟ್ಟಿಯಿಲ್ಲದ್ದರಿಂದ ಯಾರ ಸೊಂಟ ಬಿದ್ದುಹೋಗಿದೆಯೋ ಅವರೇ ಪಟ್ಟಿ ಬೇಡವೆನ್ನುತ್ತಾರೆ!

ಪಕ್ಕದ ಮೇಜಿನ ಇವೆಟ್ ಟಾಲಿವರ್ ಅವರಿಗೆ ಈ ಮಾತು ಕಿವಿಗೆ ಬಿದ್ದರೆ ಸಾಕು. ಇವೆಟ್ ಬಾಲ್ಟಿಮೋರ್ ನಗರದಲ್ಲಿ ಬೆಳೆದವರು. ಇಬ್ಬರೂ ಹನ್ನೊಂದು ವರ್ಷದಿಂದ ಅಕ್ಕಪಕ್ಕ ಕೂತು ಪುಟ ತಿರುವುತ್ತಾರೆ, ಮಸಾಲೆ ಮಾಂಸ ತುಂಬಿದ ಒಂದೇ ಪೆಪ್ಪರೋನಿ ರೋಲನ್ನು ಮುರಿದು ಹಂಚಿಕೊಂಡು ತಿನ್ನುತ್ತಾರೆ, ತಿನ್ನುತ್ತಲೇ ಜಗಳಾಡುತ್ತಾರೆ.

"ನಿನ್ನ ಕಾರಿಗೆ ನಂಬರ್ ಇದೆ. ನಿನ್ನ ನಾಯಿಗೆ ಬಿಲ್ಲೆ ಇದೆ. ಬಂದೂಕಿಗೆ ಮಾತ್ರ ಯಾಕೆ ಇಷ್ಟು ನಾಚಿಕೆ?" ಇದು ಇವೆಟ್.

"ನನ್ನ ನಾಯೀನ ಯಾರೂ ಕಿತ್ಕೊಂಡು ಹೋಗಲ್ಲ ಕಣೇ. ಅದನ್ನ ಸಾಕೋ ಧೈರ್ಯ ಯಾರಿಗಿದೆ?"

"ನಗಬೇಡ. ಒಂದು ಗುಂಡಿ ಒತ್ತಿದ್ರೆ ಆಗೋ ಕೆಲಸಕ್ಕೆ ಇಬ್ಬರ ಕಣ್ಣು ಹೋಯ್ತು ಇಲ್ಲಿ."

"ಗುಂಡಿ ಇವತ್ತು ನಿನ್ನ ಕೈಲಿರುತ್ತೆ. ನಾಳೆ ಯಾರ ಕೈಲಿರುತ್ತೋ?"

ಇವೆಟ್ ಇಲ್ಲಿಗೆ ಮತ್ತೆ ಪುಟ ತಿರುವತೊಡಗುತ್ತಾರೆ. ಅವರ ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಸ್ಸು ಕಾಯುತ್ತ ನಿಂತಿದ್ದಾಗ ಗುಂಡು ತಗುಲಿ ಸತ್ತ. ಪಿಸ್ತೂಲು ಸಿಕ್ಕಿತು, ಮಾರಿದ ಅಂಗಡಿಯ ಪುಸ್ತಕ ಬೆಂಕಿಗೆ ಬಿದ್ದಿತ್ತು. ಯಾರ ಪಿಸ್ತೂಲೆಂದು ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಈ ಕೆಲಸಕ್ಕೆ ಬಂದೆ ಎಂದು ಒಮ್ಮೆ ಮಾತ್ರ ಹೇಳಿದ್ದಾರೆ, ನೆಡ್ರಾ ಮರೆತಿಲ್ಲ. ಜಗಳ ಹೀಗೆ ನಿಂತ ದಿನ ರೋಲಿನ ದೊಡ್ಡ ತುಂಡು ಇವೆಟ್ ತಟ್ಟೆಗೆ ಹೋಗುತ್ತದೆ.

ಮನೆಗೆ ಹೋದರೆ ಇನ್ನೊಂದು ಬಗೆ. ಎದುರು ಮನೆಯಲ್ಲೇ ತಮ್ಮ ಲಾಯ್ಡ್. ಊರಿನ ಬಂದೂಕು ಕ್ಲಬ್ಬಿಗೆ ಕಾರ್ಯದರ್ಶಿ. ಅಕ್ಕನ ಕೆಲಸವೆಂದರೆ ಅವನಿಗೆ ಇರುಸುಮುರುಸು. "ಬಂದ್ಲಪ್ಪ ಸರ್ಕಾರದ ಗೂಢಚಾರಿಣಿ! ಇವತ್ತು ಯಾರ ಮನೆ ಬಂದೂಕು ಎಣಿಸಿದೆ ಅಕ್ಕಾ?" ಎಂದು ಬೇಲಿಯಾಚೆಯಿಂದಲೇ ಕೂಗುತ್ತಾನೆ. "ಕೊಲೆ ಮಾಡಿ ಬಂದೂಕು ಬಿಸಾಕಿದೋರದ್ದು. ನಿಂದೂ ಎಲ್ಲಾದ್ರೂ ಬಿಸಾಕು, ಎಣಿಸ್ತೀನಿ," ಎಂದು ಇವರು ಒಳಗೆ ಹೋಗುತ್ತಾರೆ. ಕ್ಲಬ್ಬಿನ ಕೆಲವರು ಇವರೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಚರ್ಚಿನ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಕೂರುತ್ತಿದ್ದರು. ಅದು ನೋಯುತ್ತಿತ್ತು ಎಂದು ನೆಡ್ರಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಹೀಗೆ ಎರಡೂ ಕಡೆಯವರಿಗೆ ಸಲ್ಲದೆ ಕೂತಿದ್ದ ಹೆಂಗಸು, ಕಳೆದ ಫೆಬ್ರುವರಿಯ ಒಂದು ಗುರುವಾರ ಎರಡೂ ಕಡೆಯವರು ಮೂಗಿನ ಮೇಲೆ ಬೆರಳಿಡುವಂತೆ ಮಾಡಿದರು.

ಅಂದು ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಓಹಿಯೋ ನದಿ ದಂಡೆಯ ಒಂದು ಪುಟ್ಟ ಊರಿನಿಂದ ಫೋನು ಬರುತ್ತದೆ. ಮನೆಮನೆಗೆ ಅಂಚೆ ಹಂಚುವ ಮರ್ಲಿಸ್ ಹೆಕ್ಲರ್ ಎಂಬಾಕೆ ಕಾಣೆಯಾಗಿದ್ದಾರೆ. ಅಂಚೆ ಗಾಡಿ ರಸ್ತೆಬದಿಯಲ್ಲಿ ನಿಂತಿದೆ, ಬಾಗಿಲು ತೆರೆದಿದೆ, ಕಾಗದಗಳು ಹಿಮದ ಮೇಲೆ ಚೆಲ್ಲಿವೆ, ಚರಂಡಿಯಲ್ಲಿ ಒಂದು ಪಿಸ್ತೂಲು ಬಿದ್ದಿದೆ. ನೋಡಿದವರು ಯಾರೂ ಇಲ್ಲ. ಹೊರಗೆ ಮೈ ಕೊರೆಯುವ ಚಳಿ, ಕತ್ತಲಾದ ಮೇಲೆ ಬಯಲಿನಲ್ಲಿ ಯಾರೂ ಬದುಕುಳಿಯುವಂತಿಲ್ಲ. ಪೊಲೀಸರ ಕೈಯಲ್ಲಿರುವುದು ಪಿಸ್ತೂಲಿನ ಮೇಲೆ ಕೊರೆದ ಏಳು ಅಂಕಿ ಮಾತ್ರ. ಆ ಏಳು ಅಂಕಿ ನೆಡ್ರಾ ಅವರ ಮೇಜಿಗೆ ಬರುತ್ತದೆ.

ಮೊದಲ ಎರಡು ಹೆಜ್ಜೆ ಸಲೀಸು. ತಯಾರಿಸಿದ ಕಂಪನಿ ಹೇಳುತ್ತದೆ, ಪಿಟ್ಸ್‌ಬರ್ಗಿನ ಸಗಟು ವ್ಯಾಪಾರಿಗೆ ಕೊಟ್ಟೆವು. ಸಗಟು ವ್ಯಾಪಾರಿ ಹೇಳುತ್ತಾನೆ, ೧೯೯೮ರ ನವೆಂಬರಿನಲ್ಲಿ ಓರ್ವಿಲ್ ಹಾಟಿಂಗರ್ ಅವರ ಮೇವಿನಂಗಡಿಗೆ ಕಳಿಸಿದೆವು. ವೆಸ್ಟ್ ವರ್ಜೀನಿಯಾದ ಒಳನಾಡಿನ ಅಂಗಡಿ. ಓರ್ವಿಲ್ ತೀರಿಕೊಂಡು, ಅಂಗಡಿ ಮುಚ್ಚಿ, ಪೆಟ್ಟಿಗೆಗಳು ಈ ಕಚೇರಿಗೆ ಬಂದು ಹದಿನೇಳು ವರ್ಷವಾಗಿದೆ. ಪುಸ್ತಕದ ಚಿತ್ರಗಳನ್ನು ನೆಡ್ರಾ ಮೇಲಿಂದ, ಇವೆಟ್ ಕೆಳಗಿಂದ ತಿರುವುತ್ತಾ ಬರುತ್ತಾರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಹನ್ನೆರಡೂವರೆ ಆಗುತ್ತದೆ. ನಂಬರು ಸಿಗುತ್ತದೆ. ಎಡಗಡೆಯಲ್ಲಿ ಪಿಸ್ತೂಲು ಅಂಗಡಿಗೆ ಬಂದ ದಿನ ನೀಟಾಗಿ ಬರೆದಿದೆ. ಯಾರಿಗೆ ಮಾರಿದರೆಂದು ಬರೆಯಬೇಕಾದ ಬಲಗಡೆ ಖಾಲಿ. ಅದೊಂದೇ ಅಲ್ಲ, ಆ ವಾರ ಬಂದ ನಲವತ್ತೊಂದು ಬಂದೂಕುಗಳ ಎದುರೂ ಖಾಲಿ.

"ಬರೆದೇ ಇಲ್ಲ ಮುಂಡೇದು!" ಇವೆಟ್ ಮೇಜು ಗುದ್ದುತ್ತಾರೆ. "ಮುಗೀತು. ಆ ಹೆಂಗಸಿನ ಕತೆ ಮುಗೀತು ನೆಡ್ರಾ."

ಮೇಲಧಿಕಾರಿಯೂ ಬಂದು ನೋಡುತ್ತಾರೆ. ದಾಖಲೆ ಇಲ್ಲವೆಂದು ಉತ್ತರ ಬರೆದುಬಿಡಿ, ಪೊಲೀಸರು ಬೇರೆ ದಾರಿ ನೋಡಿಕೊಳ್ಳಲಿ ಎನ್ನುತ್ತಾರೆ. ನೆಡ್ರಾ ಎದ್ದು ನಿಲ್ಲುತ್ತಾರೆ, ಆದರೆ ಉತ್ತರ ಬರೆಯುವುದಿಲ್ಲ. ಆ ಖಾಲಿ ಸಾಲುಗಳ ಕೊನೆಯ ತಾರೀಖನ್ನೇ ನೋಡುತ್ತಾರೆ. ನವೆಂಬರ್ ಇಪ್ಪತ್ತೊಂದು, ಶನಿವಾರ.

"ಸೋಮವಾರ ಜಿಂಕೆ ಬೇಟೆ ಶುರು," ಎನ್ನುತ್ತಾರೆ ಮೆಲ್ಲಗೆ. "ಇವೆಟ್, ಅವನು ಬರೆದಿದಾನೆ. ಪುಸ್ತಕದಲ್ಲಿ ಬರೆದಿಲ್ಲ ಅಷ್ಟೆ."

ಇಲ್ಲಿಯವರಿಗೆ ಬೇಟೆಯ ಮೊದಲ ಸೋಮವಾರವೆಂದರೆ ಶಾಲೆಗೆ ರಜೆ, ಗಿರಣಿಗೆ ರಜೆ, ಮದುವೆ ಇಟ್ಟುಕೊಂಡವನಿಗೆ ಬೈಗುಳ. ಹಿಂದಿನ ಶನಿವಾರ ಮೇವಿನಂಗಡಿಯ ಸಾಲು ರಸ್ತೆಗೆ ಬಂದಿರುತ್ತದೆ. ಬಂದೂಕು, ಬೇಟೆಯ ಪರವಾನಗಿ, ಬೂಟು, ತೋಟಾ ಎಲ್ಲವೂ ಒಂದೇ ಗಲ್ಲಾದಲ್ಲಿ. ಗುಮಾಸ್ತ ಕೊಂಡವರ ಅರ್ಜಿ ತುಂಬಿಸಿಕೊಳ್ಳುತ್ತಾನೆ, ಪುಸ್ತಕಕ್ಕೆ ಏರಿಸಲು ಪುರಸೊತ್ತಿಲ್ಲದೆ ಪರವಾನಗಿಯ ಪ್ರತಿಗಳ ಜೊತೆ ಕೈಗೆ ಸಿಕ್ಕಿದ ಡಬ್ಬಿಗೆ ತುರುಕುತ್ತಾನೆ. ಬೇಟೆ ಮುಗಿದ ಮೇಲೆ ಬರೆದರಾಯಿತು. ಸೋಮವಾರ ಅಂಗಡಿಯವನೇ ಅಂಗಡಿಗೆ ಬೀಗ ಹಾಕಿ ಕಾಡಿಗೆ ಹೋಗುತ್ತಾನೆ. ಬೇಟೆ ಮುಗಿಯುವಷ್ಟರಲ್ಲಿ ಕ್ರಿಸ್‌ಮಸ್. ಆಮೇಲೆ ಯಾರು ಬರೆಯುತ್ತಾರೆ?

"ನಮ್ಮಪ್ಪಾನೂ ಅದೇ ಮಾಡ್ತಿದ್ದ. ನಾನೇ ಸ್ಟೂಲ್ ಮೇಲೆ ನಿಂತು ಡಬ್ಬಿಗೆ ತುರುಕಿದೀನಿ," ಎನ್ನುತ್ತಾರೆ ನೆಡ್ರಾ. "ನಮ್ಮ ಜನಕ್ಕೆ ಮಾತ್ರ ಆಗೋ ತಪ್ಪು ಅದು. ಆದ್ರೆ ಒಂದು ಹೇಳ್ತೀನಿ, ನಮ್ಮೋರು ಕಾಗದ ಬಿಸಾಕಲ್ಲ. ಸೋಮಾರಿಗಳೇ ಹೊರತು ಕಳ್ಳರಲ್ಲ."

ಹಾಟಿಂಗರ್ ಅಂಗಡಿಯಿಂದ ಬಂದದ್ದು ಮೂವತ್ತನಾಲ್ಕು ಪೆಟ್ಟಿಗೆ. ಅದರಲ್ಲಿ ಒಂಬತ್ತರ ಮೇಲೆ "ಬಂದೂಕಿಗೆ ಸಂಬಂಧಿಸಿದ್ದಲ್ಲ" ಎಂದು ಯಾರೋ ಗೀಚಿ ಅಂಗಳದ ಕಂಟೇನರಿನೊಳಗೆ ಹಿಂಬದಿಗೆ ತಳ್ಳಿದ್ದಾರೆ. ಮಧ್ಯಾಹ್ನ ಒಂದಕ್ಕೆ ನೆಡ್ರಾ ಬೇಟೆಯ ದಪ್ಪ ಕೋಟು ತೊಟ್ಟು ಆ ಕಬ್ಬಿಣದ ಗುಹೆಗೆ ನುಗ್ಗುತ್ತಾರೆ. ಹಿಂದೆಯೇ ಟಾರ್ಚು ಹಿಡಿದ ಇವೆಟ್. ಒಳಗೆ ಹೊರಗಿಗಿಂತ ಚಳಿ. ಮುಂದಿನ ಪೆಟ್ಟಿಗೆಗಳನ್ನು ಎಳೆದು ದಾರಿ ಮಾಡಿಕೊಳ್ಳುವುದಕ್ಕೇ ಒಂದೂವರೆ ಗಂಟೆ. ಮೊದಲ ಪೆಟ್ಟಿಗೆಯಲ್ಲಿ ಕೋಳಿ ಮೇವಿನ ಬಿಲ್ಲು. ಎರಡನೆಯದರಲ್ಲೂ ಅದೇ. ಮೂರರಲ್ಲಿ ಹಳೆಯ ಕ್ಯಾಲೆಂಡರುಗಳು. ಹೊರಗೆ ಬಿಸಿಲು ಇಳಿಯುತ್ತಿದೆ. ಬಂಡಲುಗಳಿಗೆ ಕಟ್ಟಿದ ದಾರ ಬಿಚ್ಚಲಾರದಷ್ಟು ಬೆರಳು ಮರಗಟ್ಟಿದೆ.

"ಇಲ್ಲದಿದ್ರೆ?" ಎಂದು ಇವೆಟ್ ಕೇಳುತ್ತಾರೆ.

"ಇರುತ್ತೆ. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ಟಾರ್ಚ್ ಈ ಕಡೆ ಹಿಡಿ."

ಏಳನೆಯ ಪೆಟ್ಟಿಗೆಯ ತಳದಲ್ಲಿ ಒಂದು ಬೂಟಿನ ಡಬ್ಬಿ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್, ಮುಟ್ಟಿದೊಡನೆ ಪುಡಿಯಾಗುತ್ತದೆ. ಒಳಗೆ ಬೇಟೆ ಪರವಾನಗಿಯ ಹಳದಿ ಪ್ರತಿಗಳು. ಅವುಗಳ ನಡುವೆ ಎರಡಾಗಿ ಮಡಚಿದ ಅರ್ಜಿಗಳು, ಒಂದಲ್ಲ ಎರಡಲ್ಲ, ನಲವತ್ತೊಂದು. ಇಪ್ಪತ್ತೆಂಟನೆಯದರಲ್ಲಿ ಆ ಏಳು ಅಂಕಿ ಇದೆ, ಅದರ ಕೆಳಗೆ ಹೆಸರು, ವಿಳಾಸ, ಸಹಿ. ಇವೆಟ್ ಕಿರುಚಿದ್ದು ಕಚೇರಿಯೊಳಗಿದ್ದವರಿಗೂ ಕೇಳಿಸಿತಂತೆ. ಗಂಟೆ ನಾಲ್ಕು ನಲವತ್ತು.

ಮುಂದಿನದು ಪೊಲೀಸರ ಕೆಲಸ. ಪಿಸ್ತೂಲು ಕೊಂಡಿದ್ದ ಮುದುಕ ಇನ್ನೂ ಅದೇ ವಿಳಾಸದಲ್ಲಿದ್ದ. ಅದನ್ನು ಅಳಿಯನಿಗೆ ಕೊಟ್ಟಿದ್ದೆ, ಅವನಿಗೆ ಹೊಳೆ ಪಕ್ಕ ಮೀನು ಹಿಡಿಯುವ ಗುಡಿಸಲಿದೆ ಎಂದ. ಆರೂವರೆಗೆ ಗುಡಿಸಲಿನ ಹಿಂದಿನ ಪಂಪ್ ಮನೆಯ ಬಾಗಿಲು ಒಡೆದಾಗ ಮರ್ಲಿಸ್ ಕೈಕಾಲು ಕಟ್ಟಿಸಿಕೊಂಡು ನೆಲದ ಮೇಲಿದ್ದರು. ತುಟಿ ನೀಲಿಯಾಗಿತ್ತು. ಉಸಿರಿತ್ತು.

ಈ ಕಚೇರಿಗೆ ಸಾಮಾನ್ಯವಾಗಿ ಇದ್ಯಾವುದೂ ತಿಳಿಯುವುದಿಲ್ಲ. ಹೆಸರು ಹುಡುಕಿ ಕಳಿಸುತ್ತಾರೆ, ಏನಾಯಿತೆಂದು ಯಾರೂ ತಿರುಗಿ ಹೇಳುವುದಿಲ್ಲ. "ಇಪ್ಪತ್ತಾರು ವರ್ಷದಲ್ಲಿ ಎಷ್ಟು ಜನ ಸಿಕ್ಕಿದ್ರು, ಎಷ್ಟು ಜನ ಬದುಕಿದ್ರು, ನನಗೇನೂ ಗೊತ್ತಿಲ್ಲ," ಎನ್ನುತ್ತಾರೆ ನೆಡ್ರಾ. ಆದರೆ ಆ ಸಂಜೆ ಓಹಿಯೋದ ಪೊಲೀಸ್ ಅಧಿಕಾರಿಯೊಬ್ಬರು ತಾವೇ ಫೋನು ಮಾಡಿದರು. ಫೋನನ್ನು ಎಲ್ಲರಿಗೂ ಕೇಳುವಂತೆ ಇಡಲಾಯಿತು. "ಸಿಕ್ಕಿದ್ರು. ಬದುಕಿದ್ದಾರೆ," ಎಂಬ ಎರಡು ಮಾತಿಗೆ ಇಡೀ ಮಹಡಿ ಎದ್ದು ಚಪ್ಪಾಳೆ ತಟ್ಟಿತು. ಪಿನ್ನಿನ ಡಬ್ಬಿಗಳನ್ನೇ ಗಲಗಲ ಬಡಿದರು. ಇವೆಟ್ ಮತ್ತು ನೆಡ್ರಾ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು, ಸಾಕೆನ್ನಿಸುವಷ್ಟು ಅತ್ತರು.

ಮರುವಾರ ರಾಜಧಾನಿಯಲ್ಲಿ ಇದೇ ಪ್ರಕರಣ ಹಿಡಿದು ವಾದ ನಡೆಯಿತು. ಪಟ್ಟಿ ಬೇಕೆನ್ನುವವರು, ನೋಡಿ, ಪಟ್ಟಿಯಿಲ್ಲದ್ದಕ್ಕೆ ಆರೂವರೆ ಗಂಟೆ ಹಿಡಿಯಿತು ಎಂದರು. ಬೇಡವೆನ್ನುವವರು, ನೋಡಿ, ಪಟ್ಟಿಯಿಲ್ಲದೆಯೂ ಸಿಕ್ಕಿತಲ್ಲ ಎಂದರು. ಇಬ್ಬರೂ ಹುಡುಕಿದವರ ಹೆಸರು ಕೇಳುವ ಗೋಜಿಗೆ ಹೋಗಲಿಲ್ಲ.

ಕೇಳಿದ್ದು ಊರು. ಮಾರ್ಚಿನ ಮೊದಲ ಶನಿವಾರ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ದೋಸೆಯ ಉಪಾಹಾರ. ನೆಡ್ರಾ ಇವೆಟ್ ಅವರನ್ನೂ ಕರೆದುಕೊಂಡು ಬಾಗಿಲಿಗೆ ಬಂದರೆ, ಲಾಯ್ಡ್ ಬೆಂಚಿನ ಮೇಲೆ ಹತ್ತಿ ನಿಂತಿದ್ದಾನೆ. "ಎಲ್ಲ ಏಳ್ರಯ್ಯ! ನಮ್ಮಕ್ಕ ಬಂದ್ಲು!" ಇನ್ನೂರು ಜನ ಎದ್ದರು. ಚರ್ಚಿನಲ್ಲಿ ಸರಿದು ಕೂರುತ್ತಿದ್ದವರೇ ಮೊದಲು ಚಪ್ಪಾಳೆ ಹೊಡೆದರು. ಒಬ್ಬ ಮುದುಕ ತನ್ನ ತಟ್ಟೆಯ ಸಾಸೇಜನ್ನೆಲ್ಲ ನೆಡ್ರಾ ತಟ್ಟೆಗೆ ಸುರಿದ. ಲಾಯ್ಡ್ ಇವೆಟ್ ಎದುರು ಕೂತು, "ನಿಮ್ಮ ಪಟ್ಟಿಗೆ ನಾನು ಸಾಯೋ ತನಕ ಒಪ್ಪಲ್ಲ, ತಿಳ್ಕೊಳ್ಳಿ," ಎಂದ.

"ನಾನೂ ಬಿಡಲ್ಲ, ತಿಳ್ಕೊಳ್ಳಿ," ಎಂದರು ಇವೆಟ್.

"ಸರಿ. ಸೇಬಿನ ಮುರಬ್ಬ ಹಾಕಿಸ್ಕೊಳ್ಳಿ, ನಮ್ಮಕ್ಕನ ಕೈದು."

ಕ್ಲಬ್ಬಿನಲ್ಲಿ ಈಗ ಒಂದು ಹೊಸ ಪದ್ಧತಿ ಬಂದಿದೆ. ಸರ್ಕಾರಕ್ಕೆ ಪಟ್ಟಿ ಕೊಡುವುದಿಲ್ಲ, ಆದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಬಂದೂಕುಗಳ ನಂಬರನ್ನು ಬರೆದು ತನ್ನ ಮನೆಯಲ್ಲೇ ಇಟ್ಟುಕೊಳ್ಳಬೇಕು. ಕಳುವಾದರೆ ಅದೇ ದಿನ ಹೇಳಬೇಕು. ಸೂಚನೆ ಲಾಯ್ಡ್‌ನದು. ಯಾರು ಹೇಳಿಕೊಟ್ಟರೆಂದು ಕೇಳಿದರೆ ಆಕಾಶ ನೋಡುತ್ತಾನೆ. ಕಚೇರಿಯಲ್ಲೂ ನೆಡ್ರಾ ಮಾತು ನಡೆದಿದೆ. ಬೇಡವೆಂದು ತಳ್ಳಿದ ಪೆಟ್ಟಿಗೆಗಳನ್ನೆಲ್ಲ ಮತ್ತೆ ತೆರೆಯುತ್ತಿದ್ದಾರೆ, ಬೇಟೆಯ ವಾರದ ಡಬ್ಬಿಗಳನ್ನು ಮೊದಲು. ಈಗಾಗಲೇ ಹದಿನಾರು ಸಿಕ್ಕಿವೆ.

ಏಪ್ರಿಲ್‌ನಲ್ಲಿ ಮರ್ಲಿಸ್ ಬಂದರು. ಹೊರಗಿನವರನ್ನು ಕಚೇರಿಯೊಳಗೆ ಬಿಡುವುದಿಲ್ಲ, ಗೇಟಿನ ಬಳಿಯೇ ಭೇಟಿ. ಅಂಚೆಯವರ ನೀಲಿ ಜಾಕೆಟ್ಟು ತೊಟ್ಟಿದ್ದರು. ಕೆಲಸಕ್ಕೆ ಮರಳಿ ಎರಡು ವಾರವಾಗಿತ್ತು. ಬಹಳ ಹೊತ್ತು ನೆಡ್ರಾ ಕೈಯನ್ನು ಬಿಡಲೇ ಇಲ್ಲ.

"ಆ ಪಂಪ್ ಮನೆಗೆ ಕಿಟಕಿ ಇರ್ಲಿಲ್ಲ ರೀ. ಗಂಟೆ ಎಷ್ಟಾಯ್ತು ಅಂತ ಗೊತ್ತಾಗ್ತಿರ್ಲಿಲ್ಲ. ಪಕ್ಕದಲ್ಲೇ ರೈಲು ಹಳಿ. ಹೋಗೋ ರೈಲು ಎಣಿಸ್ತಾ ಬಿದ್ದಿದ್ದೆ. ಎಣಿಸ್ತಾ ಇದ್ರೆ ನಿದ್ದೆ ಬರಲ್ಲ, ನಿದ್ದೆ ಬಂದ್ರೆ ಸತ್ತೆ ಅಂತ ಗೊತ್ತಿತ್ತು. ಹನ್ನೊಂದು ಹೋದ್ವು. ಹನ್ನೆರಡನೇದು ಬರೋ ಮೊದಲೇ ಬಾಗಿಲು ಒಡೆದ್ರು."

ಪಟ್ಟಿಯಿದ್ದಿದ್ದರೆ ಎರಡನೆಯ ರೈಲಿಗೇ ಬಾಗಿಲು ಒಡೆಯುತ್ತಿದ್ದರು ಎಂಬ ಮಾತು ಇವೆಟ್ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ನೆಡ್ರಾ ಅವರಿಗೆ ಅದು ಕೇಳಿಸಿತು.

ಇನ್ನೇನು ಆಸೆ ಎಂದು ಕೇಳಿದರೆ ನೆಡ್ರಾ ಹೆಬ್ಬೆರಳಿನ ರಬ್ಬರ್ ಸರಿಮಾಡಿಕೊಂಡು ಕೆಂಟಕಿಯ ಪುಸ್ತಕದ ಮುಂದಿನ ಹಾಳೆ ತಿರುವುತ್ತಾರೆ.

"ಹನ್ನೊಂದು ರೈಲು ಜಾಸ್ತಿ ಆಯ್ತು," ಎನ್ನುತ್ತಾರೆ, ಹಾಳೆಯಿಂದ ಕಣ್ಣು ತೆಗೆಯದೆ. "ನವೆಂಬರು, ಮೇವಿನಂಗಡಿ ಅಂದ ಕೂಡ್ಲೇ ಡಬ್ಬಿ ಹುಡುಕೋಕೆ ಏಳಬೇಕಿತ್ತು ನಾನು. ಇನ್ನೊಂದ್ಸಲ ಬರ್ಲಿ, ಎಂಟನೇ ರೈಲಿಗೇ ಬಾಗಿಲು ತೆಗೆಸ್ತೀನಿ."